ನೂರ ಎಪ್ಪತ್ತೊಂದು ಮೀನು

ಪಕ್ಕದ ಮನೆಯಲ್ಲಿ ಮೀನು ಬೇಯುವ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದ ಜಯಶೀಲಾ ಈಗ ವಾರಕ್ಕೆ ಐದು ಮೀನಿನ ಹೊಟ್ಟೆ ಕುಯ್ಯುತ್ತಿದ್ದಳು. ಡಬ್ಲಿನ್ನಿನ ಅಂಚಿನ ಕ್ಯಾಸಲ್‌ನಾಕಿನ ಕನ್ನಡದವರಿಗೆ ಇದೊಂದು ಒಳ್ಳೆಯ ತಮಾಷೆ. ಊಟಕ್ಕೆ ಕರೆದವರು "ಕೈ ಚೆನ್ನಾಗಿ ತೊಳ್ಕೊಂಡು ಬಂದಿದೀರಾ ತಾನೇ" ಎಂದು ಕೇಳಿ ನಗುತ್ತಿದ್ದರು. ಗಂಡ ಕೃಷ್ಣಪ್ರಸಾದ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅವನ ಕೆಲಸದ ಬಗ್ಗೆ ಯಾರೂ ನಗುತ್ತಿರಲಿಲ್ಲ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂಎಸ್ಸಿ ಮಾಡಿ, ಆಮೇಲೆ ಹದಿನಾಲ್ಕು ವರ್ಷ ಮನೆ ಮಕ್ಕಳು ಎಂದು ಕಳೆದು, ಡನ್ ಲಿಯರಿಯ ಬಂದರಿನ ಪಕ್ಕದ ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಾಗ ಅವಳು ಕುಯ್ಯಬೇಕಾದದ್ದು ಏನು ಎಂದು ಕೇಳಲೂ ಇಲ್ಲ. ಸಿಕ್ಕಿತಲ್ಲ, ಸಾಕು ಎಂದುಕೊಂಡು ಹೋದಳು.

ಮೀನುಗಳು ಬಂದದ್ದು ಗ್ರೀನ್‌ಲ್ಯಾಂಡಿನ ಪೂರ್ವಕ್ಕಿರುವ ಹಿಮಗಡಲಿನಿಂದ. ಪೋಲಾರ್ ಕಾಡ್ ಎಂದು ಹೆಸರು, ಒಂದು ಗೇಣು ಉದ್ದ, ಬೂದಿ ಬಣ್ಣ, ನೋಡಿದರೆ ಏನೂ ವಿಶೇಷವಿಲ್ಲ. ಆದರೆ ಅಲ್ಲಿನ ಸೀಲಿಗೆ, ತಿಮಿಂಗಿಲಕ್ಕೆ, ಕಡಲ ಹಕ್ಕಿಗೆ ಅದೇ ಅನ್ನ. ಆ ಮೀನು ಬಡವಾದರೆ ಹಿಮಗಡಲಿನ ಮನೆಮಂದಿಯೆಲ್ಲ ಬಡವಾಗುತ್ತಾರೆ. ಸಂಶೋಧನಾ ಹಡಗೊಂದು ಇನ್ನೂರ ಹನ್ನೆರಡು ಮೀನು ಹಿಡಿದು ಹೆಪ್ಪುಗಟ್ಟಿಸಿ ಕಳಿಸಿತ್ತು. ಕಳೆದ ಮಾರ್ಚಿನಲ್ಲಿ ಮೊದಲನೆಯದನ್ನು ಕುಯ್ದ ದಿನವೇ ಜಯಶೀಲಾ ಹೊಟ್ಟೆಯೊಳಗಿಂದ ಚಿಮಟದಲ್ಲಿ ಕಿತ್ತಳೆ ಬಣ್ಣದ ಎಳೆಯೊಂದನ್ನು ಎಳೆದಳು. ಅದು ಬರುತ್ತಲೇ ಇತ್ತು. ಕೊನೆಗೆ ತಟ್ಟೆಯ ಮೇಲೆ ಶಾವಿಗೆಯ ಹಾಗೆ ಸುತ್ತಿಕೊಂಡು ಬಿತ್ತು.

ಅದು ಎಲ್ಲಿಯದು ಎಂದು ತಿಳಿಯಲು ಅವಳು ಬಹಳ ದೂರ ಹೋಗಬೇಕಾಗಲಿಲ್ಲ. ಕಡಲ ತಳವನ್ನು ಬಾಚುವ ದೊಡ್ಡ ಬಲೆಗಳು ಕಲ್ಲಿಗೆ ಉಜ್ಜಿ ಹರಿಯದಿರಲಿ ಎಂದು ಅವುಗಳ ಅಡಿಗೆ ಪ್ಲಾಸ್ಟಿಕ್ ಹುರಿಯ ಗೊಂಚಲು ಕಟ್ಟುತ್ತಾರೆ. ಸೆರಗಿಗೆ ಕುಚ್ಚು ಕಟ್ಟಿದ ಹಾಗೆ. ಅವಳು ಅದನ್ನು ಕುಚ್ಚು ಎಂದೇ ಕರೆಯುತ್ತಿದ್ದಳು. ಬಲೆ ಉಳಿಯಲಿ, ಕುಚ್ಚು ಸವೆಯಲಿ ಎಂಬುದೇ ಅದರ ಲೆಕ್ಕಾಚಾರ. ಅಂದರೆ ಕಡಲಿಗೆ ಉದುರಲಿಕ್ಕೆಂದೇ ಮಾಡಿ ಮಾರುವ ಸಾಮಾನು. ಉದುರಿದ್ದು ಪ್ರವಾಹ ಹಿಡಿದು ಉತ್ತರಕ್ಕೆ ಹೋಗುತ್ತದೆ, ಅಲ್ಲಿ ಹಸಿದ ಮೀನು ಹುಳುವೆಂದು ನುಂಗುತ್ತದೆ, ಹೊಟ್ಟೆ ತುಂಬಿತೆಂದುಕೊಂಡು ಬೇರೆ ತಿನ್ನುವುದಿಲ್ಲ. ಇದನ್ನು ತಿಳಿದ ದಿನ ಜಯಶೀಲಾಗೆ ಮೈಯೆಲ್ಲ ಉರಿದುಹೋಗಿತ್ತು. ತಿಳಿಯದೆ ಬಿದ್ದ ಕಸವನ್ನಾದರೂ ಕ್ಷಮಿಸಬಹುದು. ಇದು ಬೀಳಲೆಂದೇ ಕಟ್ಟಿದ್ದು.

ಐರ್ಲೆಂಡಿನ ದೋಣಿಗಳಲ್ಲಿ ಈ ಕುಚ್ಚನ್ನು ನಿಷೇಧಿಸಬೇಕೇ ಬೇಡವೇ ಎಂದು ವಿಚಾರಿಸಲು ಡಬ್ಲಿನ್ನಿನಲ್ಲಿ ಒಂದು ಸಮಿತಿ ಕೂತಿತ್ತು. ಇನ್ನೂರ ಹನ್ನೆರಡು ಮೀನಿನ ವರದಿ ಆ ಸಮಿತಿಯ ಮುಂದೆ ಹೋಗಿ ಆಗಿತ್ತು. ಸಾಕ್ಷಿ ಹೇಳಲು ಜಯಶೀಲಾಳ ಹೆಸರೂ ಪಟ್ಟಿಯಲ್ಲಿತ್ತು. ವಿಚಾರಣೆ ಫೆಬ್ರವರಿಯ ಒಂದು ಗುರುವಾರ.

ಅದರ ಹಿಂದಿನ ಶನಿವಾರ ದಿಲ್ಶಾದ್ ಲ್ಯಾಪ್‌ಟಾಪ್ ಹಿಡಿದು ಪ್ರಯೋಗಾಲಯಕ್ಕೆ ಬಂದಳು.

ದಿಲ್ಶಾದ್ ಬೆಂಗಳೂರಿನ ಫ್ರೇಜರ್ ಟೌನಿನವಳು, ಗ್ರ್ಯಾಂಡ್ ಕೆನಾಲ್ ಡಾಕಿನ ದೊಡ್ಡ ಕಂಪನಿಯೊಂದರಲ್ಲಿ ಕೆಲಸ, ವಯಸ್ಸು ಮೂವತ್ತೂ ಇಲ್ಲ. ಬಿಡುವಿನ ದಿನಗಳಲ್ಲಿ ಜಯಶೀಲಾಗೆ ನೆರವಾಗುತ್ತಿದ್ದಳು. ಹೊಟ್ಟೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಒಂದು ಬಣ್ಣ ಹಾಕಿ ನೀಲಿ ದೀಪದಡಿ ಇಟ್ಟರೆ ಪ್ಲಾಸ್ಟಿಕ್ ಮಾತ್ರ ಹೊಳೆಯುತ್ತದೆ. ಅದರ ಫೋಟೋಗಳಲ್ಲಿ ಹೊಳೆಯುವ ಎಳೆಗಳನ್ನು ಎಣಿಸುವ ಪ್ರೋಗ್ರಾಮು ದಿಲ್ಶಾದ್ ಬರೆದದ್ದು.

"ಅಕ್ಕ, ಬೇಜಾರು ಮಾಡ್ಕೋಬೇಡಿ," ಎಂದಳು. "ಗುರುವಾರಕ್ಕೆ ಮುಂಚೆ ಇನ್ನೊಂದು ಸಲ ಎಲ್ಲಾ ಫೋಟೋ ನೋಡೋಣ ಅಂತ ಕೂತೆ. ಇದು ನೋಡಿ. ಪ್ಲಾಸ್ಟಿಕ್ ಎಳೆ ನೆಟ್ಟಗಿರುತ್ತೆ. ಈ ಹಳದಿ ಎಳೆಗಳು ತಿರುಚ್ಕೊಂಡಿವೆ. ಹೊಳೀತಿವೆ, ಆದ್ರೆ ಆಕಾರ ಹತ್ತಿದು. ಆಗಸ್ಟ್ ಕೊನೇಲಿ ಶುರು ಆಗಿ ಅಕ್ಟೋಬರ್ ಇಪ್ಪತ್ತಕ್ಕೆ ನಿಂತೋಗುತ್ತೆ."

"ಹತ್ತಿ ಹೊಳೆಯಲ್ವಲ್ಲೇ."

"ಅದೇ ನಾನೂ ಅಂದ್ಕೊಂಡೆ. ಆ ಟೈಮಲ್ಲಿ ಏನಾದ್ರೂ ಹೊಸದು ಹಾಕ್ಕೊಂಡಿದ್ರಾ?"

ಜಯಶೀಲಾ ಇಲ್ಲವೆಂದು ತಲೆಯಾಡಿಸಿದಳು. ನಿಯಮ ಅವಳಿಗೆ ಕಂಠಪಾಠ: ನೈಲಾನ್, ಪಾಲಿಯೆಸ್ಟರ್ ಬಾಗಿಲಾಚೆ, ಮೈಮೇಲೆ ಹತ್ತಿ ಮಾತ್ರ. ಕೂದಲಿಗೆ ಕೂಡ ಹತ್ತಿಯ ಟೇಪು ಕಟ್ಟುತ್ತಿದ್ದಳು. ಗಾಳಿಯಲ್ಲಿ ತೇಲಿಬಂದು ಬೀಳುವ ಧೂಳನ್ನು ಲೆಕ್ಕ ಹಾಕಲು ಮೇಜಿನ ಆ ತುದಿಯಲ್ಲಿ ಒಂದು ಖಾಲಿ ತಟ್ಟೆ ತೆರೆದಿಡುತ್ತಿದ್ದಳು, ಅದಕ್ಕೆ ಸಾಕ್ಷಿ ತಟ್ಟೆ ಎಂದು ಹೆಸರಿಟ್ಟಿದ್ದಳು. ಸಾಕ್ಷಿ ತಟ್ಟೆ ಎಂದೂ ಶುದ್ಧವಾಗಿಯೇ ಇರುತ್ತಿತ್ತು. ಹಾಗೆಂದು ಹೇಳುತ್ತ ಹೇಳುತ್ತ ಅವಳು ತನ್ನ ಬಲಗೈಯ ಮಣಿಕಟ್ಟನ್ನು ನೋಡಿದಳು. ಆಗಸ್ಟ್ ಇಪ್ಪತ್ತಾರು ಗೌರಿ ಹಬ್ಬ. ಅಕ್ಟೋಬರ್ ಇಪ್ಪತ್ತು ದೀಪಾವಳಿ.

ಗೌರಿದಾರ. ಹದಿನಾರು ಗಂಟಿನ ಅರಿಶಿನದ ದಾರ, ಬಲಗೈಗೆ ಕಟ್ಟಿಕೊಂಡದ್ದು. ಅವಳ ತವರಿನಲ್ಲಿ ಅದನ್ನು ದೀಪಾವಳಿಯವರೆಗೆ ಬಿಚ್ಚುವುದಿಲ್ಲ. ಕೈಗವಸಿನ ಅಂಚಿಗೆ ತಾಗಿಕೊಂಡು, ಕತ್ತರಿ ಹಿಡಿದ ಕೈಯ ಮಣಿಕಟ್ಟಿನಲ್ಲಿ, ಮೀನಿನ ತಟ್ಟೆಯ ನೇರ ಮೇಲೆ ಎಂಟು ವಾರ ಇತ್ತು. ಹತ್ತಿಯ ದಾರ ತಾನೇ, ನಿಯಮದ ಪ್ರಕಾರವೇ ಇದೆ ಎಂದು ಅವಳು ಎರಡನೆಯ ಸಲ ಯೋಚಿಸಿರಲಿಲ್ಲ. ಹತ್ತಿ ಹೊಳೆಯುವುದಿಲ್ಲ ಸರಿ. ಅರಿಶಿನ ಹೊಳೆಯುತ್ತದೆ.

ಬಿಚ್ಚಿದ ದಾರವನ್ನು ತುಳಸಿ ಬಾಳದ ಈ ಊರಲ್ಲಿ ಹಿತ್ತಿಲ ರೋಸ್‌ಮರಿ ಗಿಡಕ್ಕೆ ಕಟ್ಟಿದ್ದಳು. ಇಬ್ಬರೂ ಕ್ಯಾಸಲ್‌ನಾಕಿಗೆ ಹೋಗಿ ಅದನ್ನು ತಂದರು. ನಾಲ್ಕು ತಿಂಗಳ ಮಳೆಯಲ್ಲಿ ನೆನೆದು ಬೆಳ್ಳಗಾಗಿತ್ತು, ಆದರೆ ಗಂಟುಗಳ ಒಳಗೆ ಹಳದಿ ಇನ್ನೂ ಇತ್ತು. ಗಂಟೊಂದನ್ನು ಬಿಡಿಸಿ ದೀಪದಡಿ ಇಟ್ಟರು. ಫೋಟೋದಲ್ಲಿದ್ದದ್ದೇ ಹೊಳಪು, ಫೋಟೋದಲ್ಲಿದ್ದದ್ದೇ ತಿರುಚು.

ಜಯಶೀಲಾಗೆ ಮೊದಲು ಬಂದದ್ದು ತನ್ನ ಮೇಲೆಯೇ ಸಿಟ್ಟು. ಬ್ರಾ ಪಟ್ಟಿಯ ಇಲಾಸ್ಟಿಕ್‌ವರೆಗೆ ಎಲ್ಲವನ್ನೂ ಯೋಚಿಸಿದ ಬುದ್ಧಿಗೆ ಕಣ್ಣೆದುರಿನ ಕೈ ಕಾಣಲಿಲ್ಲ. ಆ ಎಂಟು ವಾರದಲ್ಲಿ ಕುಯ್ದದ್ದು ನಲವತ್ತೊಂದು ಮೀನು, ನೂರ ಇಪ್ಪತ್ತನಾಲ್ಕನೆಯದರಿಂದ ನೂರ ಅರವತ್ತನಾಲ್ಕರವರೆಗೆ.

"ಹಳದಿ ಎಳೆ ಮಾತ್ರ ತೆಗೆದುಬಿಡೋಣ ಅಕ್ಕ," ಎಂದಳು ದಿಲ್ಶಾದ್. "ಕಿತ್ತಳೆ ಕುಚ್ಚು ಬರಿಗಣ್ಣಿಗೇ ಕಾಣುತ್ತೆ. ಅದಕ್ಕೂ ನಿಮ್ಮ ದಾರಕ್ಕೂ ಏನು ಸಂಬಂಧ? ನೂರ ಮೂವತ್ತೊಂಬತ್ತು ಅದರಲ್ಲೇ ಇದೆ."

ನೂರ ಮೂವತ್ತೊಂಬತ್ತನೆಯ ಮೀನನ್ನು ಜಯಶೀಲಾ ಮರೆಯುವ ಹಾಗೇ ಇರಲಿಲ್ಲ. ಅದರ ಹೊಟ್ಟೆ ದಿಂಬಿಗೆ ಹತ್ತಿ ತುರುಕಿದ ಹಾಗೆ ಕಿತ್ತಳೆ ಎಳೆಗಳಿಂದ ಗಿಡಿದುಹೋಗಿತ್ತು. ಬೆನ್ನ ಮೂಳೆ ಚರ್ಮಕ್ಕೆ ಅಂಟಿತ್ತು. ಹೊಟ್ಟೆ ತುಂಬಿಕೊಂಡೇ ಉಪವಾಸ ಸತ್ತ ಮೀನು. ವರದಿಯ ಮುಖಪುಟಕ್ಕೆ ಅದರದೇ ಫೋಟೋ ಹಾಕಿದ್ದರು.

"ನಲವತ್ತೊಂದೂ ಆಚೆಗೆ," ಎಂದಳು ಜಯಶೀಲಾ. "ಒಂದು ಎಳೆ ಇಟ್ಕೊಂಡ್ರೂ ಅವರು ಅದನ್ನೇ ಹಿಡ್ಕೊಂಡು ಎಲ್ಲಾನೂ ಎಳೀತಾರೆ. ಉಳಿದಿದ್ದು ನೂರ ಎಪ್ಪತ್ತೊಂದು. ಅದನ್ನ ಯಾರೂ ಮುಟ್ಟೋಕಾಗಲ್ಲ."

ಭಾನುವಾರ ಪೂರ್ತಿ ಇಬ್ಬರೂ ಕೂತು ಆ ನೂರ ಎಪ್ಪತ್ತೊಂದನ್ನೂ ಮತ್ತೊಮ್ಮೆ ಪರೀಕ್ಷಿಸಿದರು. ಹಳದಿ ಎಳೆ ಎಲ್ಲೂ ಇರಲಿಲ್ಲ. ನೂರರ ಮೇಲೆ ಮೀನುಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇತ್ತು, ಅದು ಎಲ್ಲಿಗೂ ಹೋಗಿರಲಿಲ್ಲ.

ವಿಷಯ ಕೇಳಿದ ಕೃಷ್ಣಪ್ರಸಾದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೇಳ್ಬೇಡ ಬಿಡು. ಯಾರಿಗೆ ಗೊತ್ತಾಗುತ್ತೆ? ನೀನು ಹೇಳ್ತಿರೋದು ಮುಖ್ಯವಾಗಿ ನಿಜ ತಾನೇ."

"ರೀ, ಬೇರೆ ಯಾರದೋ ಬ್ಲಡ್ ರಿಪೋರ್ಟ್ ನೋಡಿ ನೀವು ಪೇಷಂಟಿಗೆ ಅರಿವಳಿಕೆ ಕೊಡ್ತೀರಾ? ಮುಖ್ಯವಾಗಿ ಅದೂ ರಕ್ತಾನೇ ಅಂತ?"

"ಅದು ಮನುಷ್ಯರ ಪ್ರಾಣ ಕಣೇ."

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ ಎದ್ದು ಹೋದಳು. ಕೃಷ್ಣಪ್ರಸಾದ ಆ ರಾತ್ರಿ ಸಾರು ತಾನೇ ಬಡಿಸಿಕೊಂಡ.

ಸೋಮವಾರ ಪ್ರಯೋಗಾಲಯದ ನಿರ್ದೇಶಕ ಕಾರ್ಮಕ್‌ನ ಮುಂದೆ ದಾರ, ಫೋಟೋ, ತಿದ್ದಿದ ಪಟ್ಟಿ ಮೂರನ್ನೂ ಇಟ್ಟಳು. ಕಾರ್ಮಕ್ ಒಳ್ಳೆಯವನು. ಯಾರ ಮನಸ್ಸನ್ನೂ ನೋಯಿಸದೆ ಅರವತ್ತು ವರ್ಷ ಮುಟ್ಟಿದವನು; ಅದಕ್ಕಾಗಿ ಅವನು ಎಷ್ಟು ಸಲ ಬಾಯಿ ಮುಚ್ಚಿಕೊಂಡಿರಬೇಕು ಎಂದು ಜಯಶೀಲಾಗೆ ಅಂದು ಅರ್ಥವಾಯಿತು. ಅವನು ಪೂರ್ತಿ ಕೇಳಿ, ನೀನು ಹೇಳಿದ್ದು ದೊಡ್ಡ ವಿಷಯ, ಪ್ರಾಮಾಣಿಕಳು ನೀನು ಎಂದ. ಎಲ್ಲ ಸರಿಹೋಗುತ್ತದೆ ಎನ್ನಲು ಈ ಊರಿನವರು ಹೇಳುವ ಹಾಗೆ ಗ್ರ್ಯಾಂಡ್, ಗ್ರ್ಯಾಂಡ್ ಎಂದು ಎರಡು ಸಲ ಅಂದ. ಸಮಿತಿಗೆ ಅಂದೇ ಕಾಗದ ಬರೆದ.

ಸಮಿತಿಯ ಉತ್ತರ ಬುಧವಾರ ಬಂತು. ತಪ್ಪಿದೆಯೆಂದು ಒಪ್ಪಿಕೊಂಡ ವರದಿಯನ್ನು ಪರಿಗಣಿಸುವುದಿಲ್ಲ. ತಿದ್ದಿದ ವರದಿ ಸಲ್ಲಿಸುವ ಗಡುವು ಎರಡು ವಾರದ ಹಿಂದೆಯೇ ಮುಗಿದಿದೆ. ಲಗತ್ತಿಸಿದ ಪಟ್ಟಿಯನ್ನು ಓದದೆ ಹಿಂದಿರುಗಿಸಲಾಗಿದೆ. ನಿಮ್ಮ ಕಾಗದದ ಪ್ರತಿಯನ್ನು ಎಲ್ಲ ಪಕ್ಷಗಳಿಗೂ ಕಳಿಸಲಾಗಿದೆ.

ಎಲ್ಲ ಪಕ್ಷ ಎಂದರೆ ಕುಚ್ಚು ಮಾಡುವ ಹಗ್ಗದ ಕಂಪನಿಗೂ ಎಂದರ್ಥ.

"ಹಾಗಾದ್ರೆ ನೂರ ಎಪ್ಪತ್ತೊಂದು ಮೀನು?" ಎಂದು ಕೇಳಿದಳು.

"ಮುಂದಿನ ಸಲ ಸಮಿತಿ ಕೂತಾಗ ಕೊಡೋಣ," ಎಂದ ಕಾರ್ಮಕ್. "ಮೂರು ವರ್ಷ ಆಗಬಹುದು, ನಾಲ್ಕು. ನಾಳೆ ನಿನ್ನ ಹೆಸರು ಪಟ್ಟಿಯಲ್ಲಿದೆ, ಹೋಗಲೇಬೇಕು. ತಪ್ಪಾಯಿತು ಎಂದು ಹೇಳಿ ಕೂತುಬಿಡು. ಎರಡು ನಿಮಿಷದ ಕೆಲಸ. ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ."

ಸುಳ್ಳು ಹೇಳಿದ್ದರೆ ಮೀನುಗಳು ಲೆಕ್ಕಕ್ಕೆ ಬರುತ್ತಿದ್ದವು. ನಿಜ ಹೇಳಿದ್ದಕ್ಕೆ ಎಲ್ಲಕ್ಕೂ ಎಳ್ಳುನೀರು ಬಿಟ್ಟರು. ಜಯಶೀಲಾ ಹಿಂತಿರುಗಿ ಬಂದ ಪಟ್ಟಿಯನ್ನು ಕೈಯಲ್ಲಿ ಹಿಡಿದು ರೈಲು ನಿಲ್ದಾಣದವರೆಗೆ ನಡೆದಳು. ಬಂದರಿನ ಕಟ್ಟೆಯ ಮೇಲೆ ಜನ ನಾಯಿ ಹಿಡಿದುಕೊಂಡು, ಐಸ್‌ಕ್ರೀಮ್ ಹಿಡಿದುಕೊಂಡು ಎಂದಿನಂತೆ ನಡೆಯುತ್ತಿದ್ದರು. ಅವರ ಮೇಲೂ ಸಿಟ್ಟು ಬಂತು. ರೈಲಿನಲ್ಲಿ ಕೂತು ಸಮಿತಿ ಕಳಿಸಿದ್ದ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಹದಿನೆಂಟು ಪುಟ, ಕನ್ನಡಕ ಹಾಕಿಕೊಂಡು. ಕ್ಯಾಸಲ್‌ನಾಕ್ ಮುಟ್ಟುವಷ್ಟರಲ್ಲಿ ಎರಡು ಸಲ ಓದಿಯಾಗಿತ್ತು.

ಗುರುವಾರ ಬೆಳಗ್ಗೆ ಹತ್ತೂವರೆಗೆ ಅವಳನ್ನು ಕರೆದರು. ಉದ್ದನೆಯ ಮೇಜಿನ ಹಿಂದೆ ಐದು ಜನ, ನಡುವೆ ನರೆತ ಕೂದಲಿನ ಅಧ್ಯಕ್ಷೆ. ಮೂಲೆಯಲ್ಲಿ ಒಬ್ಬ ಹುಡುಗಿ ಹೇಳಿದ್ದನ್ನೆಲ್ಲ ಟೈಪು ಮಾಡುತ್ತ ಕೂತಿದ್ದಳು. ಹಿಂದಿನ ಕುರ್ಚಿಗಳಲ್ಲಿ ಕಾರ್ಮಕ್, ಅವನಿಂದ ಸ್ವಲ್ಪ ದೂರದಲ್ಲಿ ರಜೆ ಹಾಕಿ ಬಂದ ದಿಲ್ಶಾದ್. ಪ್ರಶ್ನೆಗಳು ಮೊದಲು, ಸಾಕ್ಷಿಯ ಹೇಳಿಕೆ ಆಮೇಲೆ ಎಂದು ಅಧ್ಯಕ್ಷೆ ಹೇಳಿದರು.

ಹಗ್ಗದ ಕಂಪನಿಯ ತಜ್ಞ ಎದ್ದು ನಿಂತ. ಐವತ್ತರ ಆಸುಪಾಸು, ಒಳ್ಳೆಯ ಸೂಟು, ಮೃದುವಾದ ಮಾತು. ಹಲ್ಲು ಕಾಣದ ಹಾಗೆ ನಗುವುದನ್ನು ಎಲ್ಲೋ ಕಲಿತಿದ್ದ.

"ಆ ದಾರ ಧಾರ್ಮಿಕ ದಾರ ಎಂದು ತಿಳಿದೆ. ಸರಿಯೇ?"

"ಸರಿ."

"ಅದರಲ್ಲಿ ಅರಿಶಿನ. ನೀವು ಅಡುಗೆಗೂ ಅರಿಶಿನ ಹಾಕುತ್ತೀರಿ ಅಲ್ಲವೇ? ವಾರಕ್ಕೆ ಎಷ್ಟು ದಿನ?"

"ಏಳು."

"ಕೈಯಿಂದಲೇ ಊಟ ಮಾಡುವ ಪದ್ಧತಿಯೇ? ಕ್ಷಮಿಸಿ, ಇದು ವೈಯಕ್ತಿಕ ಪ್ರಶ್ನೆಯಲ್ಲ, ವಿಧಾನದ ಪ್ರಶ್ನೆ."

"ಕೈಯಿಂದಲೇ. ಆಮೇಲೆ ತೊಳೆಯುತ್ತೇನೆ. ಪ್ರಯೋಗಾಲಯದಲ್ಲಿ ಕೈಗವಸು ಹಾಕುತ್ತೇನೆ."

"ಖಂಡಿತ. ಕೆಲಸಕ್ಕೆ ಬರುವಾಗ ಸೀರೆ ಉಡುತ್ತೀರಾ? ಮನೆಯಲ್ಲಿ ಇಂಥ ಬೇರೆ ಆಚರಣೆಗಳು, ಪುಡಿಗಳು?" ಅವನು ಸಮಿತಿಯ ಕಡೆ ತಿರುಗಿದ. "ನಾನು ಯಾರ ನಂಬಿಕೆಯನ್ನೂ ಹಗುರ ಮಾಡುತ್ತಿಲ್ಲ. ಉತ್ತರ ಧ್ರುವದಲ್ಲಿ ಸಿಕ್ಕಿತು ಎಂದದ್ದು ಡಬ್ಲಿನ್ನಿನ ಒಂದು ಅಡುಗೆಮನೆಯಿಂದ ಬಂದಿರಬಹುದು ಎಂದಷ್ಟೇ ಹೇಳುತ್ತಿದ್ದೇನೆ."

ಕೋಣೆಯಲ್ಲಿ ಸಣ್ಣಗೆ ನಗು ಹರಿಯಿತು. ಜೋರು ನಗುವಲ್ಲ, ಸಭ್ಯರ ನಗು. ಜಯಶೀಲಾಳ ಕಿವಿ ಕಾದುಹೋಯಿತು. ಹತ್ತು ತಿಂಗಳು ಹಿಮದಂಥ ನೀರಿನಲ್ಲಿ ಕೈ ಅದ್ದಿ, ಬೆರಳು ಮರಗಟ್ಟಿ, ಒಂದೊಂದೇ ಹೊಟ್ಟೆ ಬಿಡಿಸಿದವಳು ತಾನು. ತನ್ನ ತಪ್ಪನ್ನು ತಾನೇ ಹಿಡಿದು ತಂದು ಕೊಟ್ಟವಳು ತಾನು. ವರ್ಷವಿಡೀ ಕಡಲಿಗೆ ಕುಚ್ಚು ಉದುರಿಸುವವನು ಅವಳ ಅಡುಗೆಮನೆಯ ಶುದ್ಧಿಯನ್ನು ವಿಚಾರಿಸುತ್ತಿದ್ದಾನೆ, ಐದು ಜನ ದೊಡ್ಡವರು ಗಂಭೀರವಾಗಿ ಬರೆದುಕೊಳ್ಳುತ್ತಿದ್ದಾರೆ. ಕಾರ್ಮಕ್ ತನ್ನ ಬೂಟು ನೋಡುತ್ತಿದ್ದ.

ತಜ್ಞ ಧನ್ಯವಾದ ಹೇಳಿ ಕೂತ. ಸಮಿತಿಯವರು ಕೇಳಿದ್ದೂ ಅದನ್ನೇ: ದಾರ ಎಷ್ಟು ಉದ್ದ, ಎಷ್ಟು ಗಂಟು, ಮೇಲಧಿಕಾರಿಗೆ ಮೊದಲೇ ತಿಳಿಸಿದ್ದಳೇ, ಬೇರೆ ಸಿಬ್ಬಂದಿಯೂ ಕಟ್ಟುತ್ತಾರೆಯೇ. ಕೊನೆಗೆ ಅಧ್ಯಕ್ಷೆ ಮೆತ್ತಗೆ ಕೇಳಿದರು: "ನೀವು ಏನಾದರೂ ಹೇಳುವುದಿದೆಯೇ?"

ಜಯಶೀಲಾ ಎದ್ದು ನಿಂತಳು.

"ಇದೆ. ನಿಮ್ಮ ನಿಯಮದ ಹನ್ನೊಂದನೆಯ ಪುಟದಲ್ಲಿ ಪ್ರಶ್ನೆಗೆ ಹತ್ತು ನಿಮಿಷದ ಮಿತಿ ಇದೆ. ಸಾಕ್ಷಿಯ ಹೇಳಿಕೆಗೆ ಮಿತಿ ಇಲ್ಲ. ಇಲ್ಲಿ ಬಾಯಲ್ಲಿ ಹೇಳಿದ್ದೆಲ್ಲ ದಾಖಲೆಗೆ ಸೇರುತ್ತದೆ ಎಂದೂ ಇದೆ. ಸರಿಯೇ?"

ಅಧ್ಯಕ್ಷೆ ಪಕ್ಕದವರನ್ನು ನೋಡಿದರು. ಪಕ್ಕದವರು ಪುಟ ಮಗುಚಿ ನೋಡಿ ತಲೆಯಾಡಿಸಿದರು.

"ಕಾಗದದಲ್ಲಿ ಕೊಟ್ಟದ್ದನ್ನು ನೀವು ಓದದೆ ವಾಪಸು ಕಳಿಸಿದಿರಿ. ಆದ್ದರಿಂದ ನಾನು ಓದುತ್ತೇನೆ." ಅವಳು ಕನ್ನಡಕ ಸರಿಮಾಡಿಕೊಂಡಳು. "ಒಂದನೆಯ ಮೀನು. ಕಿತ್ತಳೆ ಎಳೆ ಒಂದು, ಉದ್ದ ಹನ್ನೊಂದು ಸೆಂಟಿಮೀಟರ್. ಆಹಾರ ಇಲ್ಲ. ಎರಡನೆಯ ಮೀನು. ಪ್ಲಾಸ್ಟಿಕ್ ಇಲ್ಲ. ಆಹಾರ, ಸಣ್ಣ ಸೀಗಡಿ. ಮೂರನೆಯ ಮೀನು. ನೀಲಿ ಎಳೆ ಮೂರು, ಬಿಳಿ ಹಾಳೆಯ ಚೂರು ಒಂದು. ಆಹಾರ ಇಲ್ಲ."

ಹತ್ತನೆಯ ಮೀನಿನವರೆಗೆ ಎಲ್ಲರೂ ಸಹಿಸಿಕೊಂಡರು. ಇಪ್ಪತ್ತರ ಹೊತ್ತಿಗೆ ಒಬ್ಬರು ಗಡಿಯಾರ ನೋಡಿದರು. ಅವಳ ದನಿ ತಾನಾಗಿಯೇ ಒಂದು ಧಾಟಿಗೆ ಬಿತ್ತು, ಪೂಜೆಯಲ್ಲಿ ಹೆಂಗಸರು ನಾಮಾವಳಿ ಓದುವಾಗ ಬೀಳುವ ಧಾಟಿ, ಏರದೆ ಇಳಿಯದೆ. ಒಳಗೆ ಮಾತ್ರ ಕುದಿಯುತ್ತಿತ್ತು. ಪ್ಲಾಸ್ಟಿಕ್ ಇಲ್ಲದ ಮೀನನ್ನೂ ಬಿಡದೆ ಓದಿದಳು. ಐವತ್ತೆಂಟನೆಯದಕ್ಕೆ ಅಧ್ಯಕ್ಷೆ ಕೈ ಎತ್ತಿದರು.

"ಉಳಿದದ್ದನ್ನು ಓದಿದ್ದೆಂದೇ ಭಾವಿಸಬಹುದೇ?"

"ಆಗುವುದಿಲ್ಲ. ಕೊಟ್ಟಾಗ ನೀವು ಓದಿದ್ದೆಂದು ಭಾವಿಸಲಿಲ್ಲ," ಎಂದಳು ಜಯಶೀಲಾ. "ಐವತ್ತೊಂಬತ್ತನೆಯ ಮೀನು."

ನೂರು ದಾಟಿತು. ಇಬ್ಬರು ಎದ್ದು ಹೋಗಿ ಕಾಫಿ ತಂದರು. ತಜ್ಞ ತನ್ನ ಹೇಳಿಕೆಯ ಸರದಿ ಅವಳ ನಂತರವಾದ್ದರಿಂದ ಎದ್ದು ಹೋಗುವ ಹಾಗಿರಲಿಲ್ಲ. ಫೋನು ತೆಗೆಯುತ್ತಿದ್ದ, ಇಡುತ್ತಿದ್ದ. ನೂರ ಇಪ್ಪತ್ತನಾಲ್ಕಕ್ಕೆ ಬಂದಾಗ ಅವಳು ಒಂದು ಗುಟುಕು ನೀರು ಕುಡಿದಳು.

"ನೂರ ಇಪ್ಪತ್ತನಾಲ್ಕನೆಯ ಮೀನು. ನನ್ನ ತಪ್ಪು. ಲೆಕ್ಕಕ್ಕಿಲ್ಲ. ನೂರ ಇಪ್ಪತ್ತೈದನೆಯ ಮೀನು. ನನ್ನ ತಪ್ಪು. ಲೆಕ್ಕಕ್ಕಿಲ್ಲ."

"ಅವನ್ನಾದರೂ ಒಟ್ಟಿಗೆ ಹೇಳಬಹುದಲ್ಲ," ಎಂದರು ಅಧ್ಯಕ್ಷೆ.

"ಒಟ್ಟಿಗೆ ತಪ್ಪು ಮಾಡಿಲ್ಲ. ಒಂದೊಂದಾಗಿ ಮಾಡಿದ್ದೇನೆ."

ನೂರ ಮೂವತ್ತೊಂಬತ್ತಕ್ಕೆ ಅವಳ ದನಿ ನಿಂತುಹೋಯಿತು. ಆ ಹೊಟ್ಟೆ, ಆ ಬೆನ್ನ ಮೂಳೆ ಕಣ್ಣಿಗೆ ಬಂತು. ಇಷ್ಟು ಜನರ ಮುಂದೆ ಹೇಳಬೇಕಾದದ್ದೇ ಅದನ್ನು, ಹೇಳಬಾರದ್ದೂ ಅದನ್ನೇ. ಹಿಂದೆ ದಿಲ್ಶಾದ್ ಕುರ್ಚಿಯ ತುದಿಗೆ ಸರಿದು ಕೂತಳು. ಜಯಶೀಲಾ ಮೇಜಿನ ಅಂಚನ್ನು ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಕೋಪಕ್ಕೆ, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ನನ್ನ ತಪ್ಪು," ಎಂದಳು. "ಲೆಕ್ಕಕ್ಕಿಲ್ಲ."

ನಲವತ್ತೊಂದು ಸಲ ಹೇಳಿ ಮುಗಿಸಿದಳು. ಆಮೇಲೆ ಮತ್ತೆ ಎಳೆಗಳು, ಚೂರುಗಳು, ಸೀಗಡಿಗಳು. ಗಂಟೆ ಹನ್ನೆರಡೂಮುಕ್ಕಾಲಾಗಿತ್ತು. ಸಮಿತಿಯ ಐವರಲ್ಲಿ ಮೂವರು ಮಾತ್ರ ಉಳಿದಿದ್ದರು, ಅವರಲ್ಲೊಬ್ಬರು ಕಣ್ಣು ಮುಚ್ಚಿದ್ದರು. ಅವಳ ನೀರಿನ ಲೋಟ ಖಾಲಿಯಾಗಿತ್ತು. ನೂರ ಅರವತ್ತೆಂಟನೆಯದನ್ನು ಓದಿ ಪುಟ ಮಗುಚುವಾಗ ಮೂಲೆಯಿಂದ ಯಾರೋ ಮಾತಾಡಿದರು. ಟೈಪು ಮಾಡುತ್ತಿದ್ದ ಹುಡುಗಿ. ಬೆಳಗಿನಿಂದ ಅವಳು ತಲೆ ಎತ್ತಿರಲಿಲ್ಲ.

"ಕ್ಷಮಿಸಿ," ಎಂದಳು. "ನೂರ ಅರವತ್ತೆಂಟರಲ್ಲಿ ಎಳೆ ಒಂದು ಅಂದಿರಾ, ಎರಡಾ? ನನಗೆ ಸರಿಯಾಗಿ ಬರೆದುಕೊಳ್ಳಬೇಕು."

ಎರಡೂಕಾಲು ಗಂಟೆಯಲ್ಲಿ ಆ ಕೋಣೆಯಲ್ಲಿ ಮೀನಿನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಜಯಶೀಲಾ ಮಗುಚಿದ ಪುಟವನ್ನು ಹಿಂದಕ್ಕೆ ತಿರುಗಿಸಿದಳು.

"ಎರಡು," ಎಂದಳು. "ಒಂದು ಕಿತ್ತಳೆ, ಒಂದು ನೀಲಿ. ಹೊಟ್ಟೆಯಲ್ಲಿ ಬೇರೆ ಏನೂ ಇರಲಿಲ್ಲ."